ಹೌದು ಹೌದೆಂದು ಸವೆದ ತಲೆ

ನಾನು ಒಂದು ಗೇಜು. ಹೆಸರು ಕೇಳಿ ಗಾಬರಿಯಾಗಬೇಡಿ. ತೂತು ಅಳೆಯುವ ಉಕ್ಕಿನ ಕಡ್ಡಿ, ಅಷ್ಟೇ. ಉದ್ದ ಗೇಣಿಗೆ ಕಡಿಮೆ, ದಪ್ಪ ನಿಮ್ಮ ಕಿರುಬೆರಳಿನಷ್ಟು. ನನಗೆ ಎರಡು ತಲೆ. ಆ ಲೆಕ್ಕದಲ್ಲಿ ಪುರಾಣಕ್ಕೆ ಸೇರಬಹುದಿತ್ತು, ಆದರೆ ಪುರಾಣದವರ ತಲೆಗಳೆಲ್ಲ ಒಂದೇ ಹೆಗಲ ಮೇಲೆ ಇರುತ್ತವೆ. ನನ್ನವು ಒಂದು ಈ ತುದಿಗೆ, ಇನ್ನೊಂದು ಆ ತುದಿಗೆ. ನಡುವೆ ಜಾರದಂತೆ ಗೀರು ಹಾಕಿದ ಹಿಡಿ.

ಹಸಿರು ಪಟ್ಟಿಯ ತಲೆ ತೂತಿನೊಳಗೆ ಹೋಗಬೇಕು. ಕೆಂಪು ಪಟ್ಟಿಯ ತಲೆ ಹೋಗಬಾರದು. ಹಸಿರು ಹೋಗದಿದ್ದರೆ ತೂತು ಸಣ್ಣದು, ಕೆಂಪು ಹೋದರೆ ದೊಡ್ಡದು; ಎರಡೂ ಗುಜರಿಗೆ. ಎರಡು ತಲೆಗಳ ದಪ್ಪದಲ್ಲಿ ಇರುವ ವ್ಯತ್ಯಾಸ ಒಂದು ಕೂದಲೆಳೆಯ ಕಾಲು ಭಾಗ. ಒಂದು ಹೌದು ಎನ್ನಬೇಕು, ಇನ್ನೊಂದು ಅಲ್ಲ ಎನ್ನಬೇಕು. ನನ್ನ ವಿದ್ಯೆ ಇಷ್ಟೇ. ಇಷ್ಟನ್ನೂ ನೆಟ್ಟಗೆ ಮಾಡಲಿಲ್ಲ ಎಂಬುದನ್ನು ಹೇಳಿಕೊಳ್ಳುವುದಿದೆ.

ಹುಟ್ಟಿದ್ದು ಪೀಣ್ಯದ ಒಂದು ಟೂಲ್ ರೂಮಿನಲ್ಲಿ. ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಎಣ್ಣೆಯಲ್ಲಿ ಮುಳುಗಿಸಿ, ಸಾಣೆ ಹಿಡಿದು, ಕೊನೆಗೆ ಕನ್ನಡಿಯಂತೆ ಉಜ್ಜಿದರು. ಅದೇ ದಿನ ಅದೇ ಉಕ್ಕಿನಿಂದ ನನ್ನ ಜೊತೆಗೆ ಇನ್ನೊಬ್ಬ ಹುಟ್ಟಿದ. ನಮ್ಮಿಬ್ಬರನ್ನು ತಣ್ಣನೆಯ ಕೋಣೆಯಲ್ಲಿ ಇಡೀ ದಿನ ಮಲಗಿಸಿ ಆಮೇಲೆ ಅಳೆದರು. ಬಿಸಿಯಲ್ಲಿ ಉಕ್ಕು ಹಿಗ್ಗುತ್ತದೆ. ಹಿಗ್ಗಿದವನ ಅಳತೆಯನ್ನು ನಂಬಬಾರದಂತೆ. ಈ ಮಾತು ಆಮೇಲೆ ಬಹಳ ಸಲ ನೆನಪಾಯಿತು.

ನಮ್ಮನ್ನು ಒಂದೇ ಪೆಟ್ಟಿಗೆಯಲ್ಲಿ ಹುಬ್ಬಳ್ಳಿಗೆ ತಂದವರು ಕೊಟಗಿ ವಾಲ್ವ್ಸ್ ಕಾರ್ಖಾನೆಯ ದೊಡ್ಡ ಸಾಹುಕಾರರು. ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ ತಗಡಿನ ದೊಡ್ಡ ಶೆಡ್ಡು, ಅದರಲ್ಲಿ ನಲವತ್ತು ಮಂದಿ ಕೆಲಸಗಾರರು. ಅಲ್ಲಿ ಆಗುತ್ತಿದ್ದುದು ಉಗಿ ಬಾಯ್ಲರಿನ ಸುರಕ್ಷಾ ವಾಲ್ವು. ಮನೆಯ ಕುಕ್ಕರಿನ ಸೀಟಿಯ ದೊಡ್ಡಪ್ಪ ಎಂದುಕೊಳ್ಳಿ. ಬಾಯ್ಲರಿನಲ್ಲಿ ಉಗಿ ಮಿತಿ ಮೀರಿದರೆ ವಾಲ್ವಿನೊಳಗಿನ ಕಡ್ಡಿ ತಾನಾಗಿ ಮೇಲೆದ್ದು ಉಗಿಯನ್ನು ಹೊರಗೆ ಬಿಡುತ್ತದೆ. ಅದು ಏಳದಿದ್ದರೆ ಬಾಯ್ಲರೇ ಏಳುತ್ತದೆ.

ಆ ಕಡ್ಡಿ ಏರಿಳಿಯುವ ತೂತು ನನ್ನ ಪಾಲಿನದು. ತೂತು ಬಿಗಿಯಾದರೆ ಕಡ್ಡಿ ತಣ್ಣಗಿರುವವರೆಗೂ ಸಲೀಸಾಗಿ ಆಡುತ್ತದೆ. ಕಾದ ಮೇಲೆ ಹಿಗ್ಗಿ ಹಿಡಿದುಕೊಳ್ಳುತ್ತದೆ. ಕಾರ್ಖಾನೆಯಲ್ಲಿ ವಾಲ್ವನ್ನು ಪರೀಕ್ಷಿಸುತ್ತಿದ್ದುದು ತಣ್ಣನೆಯ ಗಾಳಿಯಿಂದ. ತಣ್ಣಗಿದ್ದಾಗ ಎಲ್ಲ ಕಡ್ಡಿಗಳೂ ಸಭ್ಯಸ್ಥರೇ. ಹಾಗಾಗಿ ಆ ತೂತನ್ನು ಕಾಯುವವನು ನಾನೊಬ್ಬನೇ.

ದೊಡ್ಡ ಸಾಹುಕಾರರು ನಮ್ಮಿಬ್ಬರನ್ನು ಮೇಜಿನ ಮೇಲಿಟ್ಟು ತಪಾಸಣೆಯ ಗುರುಪಾದಪ್ಪ ಬಡಿಗೇರನನ್ನು ಕರೆದರು. "ನೋಡಪಾ, ಇವ ದುಡೀಲಿ. ಅವ ಪೆಟಗ್ಯಾಗ ಸಾಕ್ಷಿ ಇರ್ಲಿ. ತಿಂಗಳಾ ಒಂದನೇ ತಾರೀಖಿಗೆ ಇಬ್ಬರನ್ನೂ ಒಂದ ತೂತಿನ್ಯಾಗ ಹಾಕಿ ನೋಡೂದು. ಇಬ್ಬರೂ ಒಂದ ಮಾತ ಹೇಳಬೇಕು. ಬ್ಯಾರೆ ಬ್ಯಾರೆ ಹೇಳಿದ್ರ ದುಡಿಯಾವನ್ನ ಮನೀಗೆ ಕಳಿಸೂದು."

ಮಾಸಿದ ಅಂಗಿ ಹಾಕುತ್ತಿದ್ದ, ಮೂರನೆಯ ಇಯತ್ತೆ ದಾಟದ ಸಾಹುಕಾರರು ಅವರು. ಗುಣಮಟ್ಟದ ಬಗ್ಗೆ ಮುಂದೆ ಈ ಶೆಡ್ಡಿನಲ್ಲಿ ಎಷ್ಟೋ ಭಾಷಣ ಕೇಳಿದೆ. ಯಾವುದೂ ಆ ನಾಲ್ಕು ಮಾತಿಗಿಂತ ಮುಂದೆ ಹೋಗಲಿಲ್ಲ.

ಅವರು ಬದುಕಿರುವವರೆಗೆ ಒಂದನೆಯ ತಾರೀಖು ತಪ್ಪಲಿಲ್ಲ. ಅವರು ತೀರಿಕೊಂಡ ಮೇಲೆ ಮಗ ಈರಣ್ಣ ಸಾಹುಕಾರರು ಕುರ್ಚಿಗೆ ಬಂದರು. ಕೆಟ್ಟವರಲ್ಲ. ಅಪ್ಪನೆಂದರೆ ಪ್ರಾಣ. ಆ ಪ್ರೀತಿಯಿಂದಲೇ ಎಲ್ಲ ಕೆಟ್ಟಿತು. ಅಪ್ಪ ಕೈಯಾರೆ ತಂದಿದ್ದೆಂದು ನನ್ನ ಜೊತೆಯವನ ಪೆಟ್ಟಿಗೆಯನ್ನು ಆಫೀಸಿನ ಗೋಡೆಯ ಗೂಡಿನಲ್ಲಿ, ದೇವರ ಮಾಡದಲ್ಲಿ, ಅಪ್ಪನ ಫೋಟೋದ ಕೆಳಗೆ ಇಟ್ಟುಬಿಟ್ಟರು. ದಿನಾ ಊದುಬತ್ತಿ, ಸೋಮವಾರ ಹೂವು. ಒಂದನೆಯ ತಾರೀಖು ಗುರುಪಾದಪ್ಪ ಕೇಳಲು ಹೋದಾಗ, "ಮಡೀಲೆ ಇಟ್ಟದ್ದೈತಿ, ಎಣ್ಣೀ ಕೈಲೆ ಮುಟ್ಟಬ್ಯಾಡ" ಎಂದರು. ಅವನು ಮುಂದಿನ ತಿಂಗಳೂ ಹೋದ. ಅದರ ಮುಂದಿನ ತಿಂಗಳು ಹೋಗಲಿಲ್ಲ. ಸಾಕ್ಷಿಯಾಗಿ ಇಟ್ಟವನನ್ನು ಹೀಗೆ ದೇವರು ಮಾಡಿದರು. ದೇವರಾದ ಮೇಲೆ ಸಾಕ್ಷಿ ಹೇಳುವ ಕೆಲಸ ಇರುವುದಿಲ್ಲವಲ್ಲ.

ನಾನು ದುಡಿದೆ. ದಿನಕ್ಕೆ ನೂರು ಸಲ, ನೂರಿಪ್ಪತ್ತು ಸಲ; ಒಂದೊಂದು ತೂತನ್ನು ಕೊರೆದು ಮುಗಿಸುವಷ್ಟರಲ್ಲಿ ಇಪ್ಪತ್ತೈದು ಸಲ ಹಾಕಿ ನೋಡುತ್ತಿದ್ದರು. ಗುರುಪಾದಪ್ಪನ ಹೆಬ್ಬೆರಳಿಗೆ ವಸಾಹತಿನಲ್ಲೇ ಹೆಸರಿತ್ತು. ಪಕ್ಕದ ಶೆಡ್ಡಿನವರು ಬಂದು, "ಬಡಿಗೇರ ಮಾವಾ, ಇದಕ್ಕೊಂದ ಬಟ್ಟ ಹಚ್ಚಿ ಹೇಳ್ರಿ" ಎಂದು ತಮ್ಮ ತುಂಡುಗಳನ್ನು ಹಿಡಿಯುತ್ತಿದ್ದರು. ಅವನ ತಪ್ಪು ಒಂದೇ, ನನ್ನ ಮೇಲಿನ ಸಲಿಗೆ. ಗೇಜನ್ನು ಎಣ್ಣೆ ಸವರಿ ಪೆಟ್ಟಿಗೆಯಲ್ಲಿ ಮಲಗಿಸಬೇಕು. ಅವನು ಅಂಗಿಯ ಕಿಸೆಯಲ್ಲಿ ಇಟ್ಟುಕೊಳ್ಳುತ್ತಿದ್ದ. ಅಲ್ಲಿ ನನಗೆ ನೆರೆಹೊರೆ ಎಂದರೆ ತಂಬಾಕಿನ ಚೀಟು ಮತ್ತು ಸುಣ್ಣದ ಡಬ್ಬಿ. ಆಯುಧಪೂಜೆಯ ದಿನ ಮೈತುಂಬ ವಿಭೂತಿ ಬಳಿಯುವರು. ಮರುದಿನ ಒರೆಸದೆ ಹಾಗೆಯೇ ತೂತಿಗೆ ಹಾಕುವರು. ಸುಣ್ಣ, ಬೂದಿ, ಕಬ್ಬಿಣದ ಪುಡಿ, ಈ ಮೂರನ್ನೂ ಹಚ್ಚಿ ದಿನಕ್ಕೆ ನೂರು ಸಲ ಉಜ್ಜಿದರೆ ಉಕ್ಕು ಕೂಡ ಭಕ್ತಿಯಲ್ಲಿ ಕರಗುತ್ತದೆ.

ಸವೆದದ್ದು ಒಂದೇ ತಲೆ. ಇದನ್ನು ಸ್ವಲ್ಪ ಗಮನವಿಟ್ಟು ಕೇಳಿ. ಕೆಂಪು ತಲೆ ಯಾವ ತೂತಿನೊಳಗೂ ಹೋಗುವುದಿಲ್ಲ. ಬಾಯಿಗೆ ತಾಗಿ ಹಿಂದೆ ಬರುತ್ತದೆ. ಅದಕ್ಕೇನೂ ಆಗಲಿಲ್ಲ, ಹೊಸದರಂತೆಯೇ ಇತ್ತು. ಒಳಹೊಕ್ಕು ಹೌದು, ಹೌದು ಎನ್ನುತ್ತಿದ್ದ ಹಸಿರು ತಲೆಯೇ ತೆಳ್ಳಗಾಯಿತು. ತೆಳ್ಳಗಾದದ್ದಕ್ಕೆ ಸಣ್ಣ ತೂತಿನಲ್ಲೂ ಹೋಗತೊಡಗಿದೆ. ಹೋಗಬಾರದ ತೂತಿಗೂ ಹೌದು ಎಂದೆ.

ನನಗೆ ಗೊತ್ತಾಗಲಿಲ್ಲವೇ ಎಂದು ಕೇಳುತ್ತೀರಿ. ಗೊತ್ತಾಯಿತು. ಮೊದಲಾದರೆ ಹತ್ತರಲ್ಲಿ ಒಂದು ತೂತಿನ ಬಾಯಲ್ಲಿ ತಡೆದು ನಿಲ್ಲುತ್ತಿದ್ದೆ. ತಿರುಗಣಿಯವರು, ಎಂದರೆ ಲೇತಿನ ಮೇಲೆ ತೂತು ಕೊರೆಯುವವರು, ಗೊಣಗುತ್ತಿದ್ದರು, "ಏನ್ ಹಟಮಾರಿ ಐತಿ ಮಾರಾಯ ಇದು." ಈಗ ತಡೆಯುವುದೇ ನಿಂತಿತು. ನನ್ನನ್ನು ಹೊಗಳತೊಡಗಿದರು. "ನೋಡಲೇ, ಬೆಣ್ಯಾಗ ಚೂರಿ ಹೋದಂಗ ಹೋಗತೈತಿ. ಗೇಜಂದ್ರ ಹಿಂಗಿರಬೇಕು." ಆ ವರ್ಷ ತಪಾಸಣೆಯಲ್ಲಿ ಬಿದ್ದ ತುಂಡು ಇಲ್ಲವೇ ಇಲ್ಲ ಎಂದು ಈರಣ್ಣ ಸಾಹುಕಾರರು ಎಲ್ಲರಿಗೂ ಪೇಡೆ ಹಂಚಿದರು. ನನಗೂ ಒಂದು ಪೇಡೆ ಮುಂದಿಟ್ಟರು, ಇರುವೆ ತಿಂದವು. ಹಟಮಾರಿ ಎನ್ನಿಸಿಕೊಂಡಿದ್ದ ದಿನಗಳೇ ನನ್ನ ಮರ್ಯಾದೆಯ ದಿನಗಳು ಎಂದು ಆಗ ಹೊಳೆಯಲಿಲ್ಲ. ಹೊಗಳಿಕೆ ಹಿತವಾಗಿತ್ತು. ಅದನ್ನು ಹೇಳುವಾಗ ಈಗಲೂ ಮೈ ತುಕ್ಕು ಹಿಡಿದಂತಾಗುತ್ತದೆ.

ಹೊರಊರಿನ ದೊಡ್ಡ ಗಿರಾಕಿಗಳು ಪ್ರಮಾಣಪತ್ರ ಕೇಳತೊಡಗಿದ ಕಾಲ ಅದು. ಗೇಟಿನ ಬಳಿ 'ಗುಣಮಟ್ಟ ನೀತಿ' ಎಂಬ ಫಲಕ ಬಂತು. ಆಡಿಟಿನವರು ಬರುವ ದಿನಕ್ಕೆ ಕೆಲಸಗಾರರು ಅದನ್ನು ಬಾಯಿಪಾಠ ಮಾಡಿದರು. ಆಡಿಟಿನವರು ಕೇಳಿದಾಗ ಬಣ್ಣ ಹಚ್ಚುವ ಸಂಗಪ್ಪ ಕಣ್ಣು ಮುಚ್ಚಿ, ಕೈಮುಗಿದು, ಮಂಗಳಾರತಿಯ ಧಾಟಿಯಲ್ಲಿ ಒಂದೇ ಉಸಿರಿಗೆ ಒಪ್ಪಿಸಿದ. "ಅರ್ಥ ಏನ್ರಿ ಇದರದ್ದು?" ಎಂದು ಕೇಳಿದ್ದಕ್ಕೆ "ಅರ್ಥ ಸಾಹುಕಾರ್ರು ಹೇಳ್ತಾರ್ರಿ" ಎಂದ.

ಇನ್ನು ಮುಂದೆ ಪ್ರತಿ ಗೇಜನ್ನೂ ವರ್ಷಕ್ಕೊಮ್ಮೆ ಪ್ರಯೋಗಾಲಯಕ್ಕೆ ಕಳಿಸಿ ಅಳೆಸಿ, ಪತ್ರ ತರಬೇಕು ಎಂದಾಯಿತು. ಹೋಗಿಬರಲು ಹತ್ತು ದಿನ. ನಾನು ಹತ್ತು ದಿನ ಇಲ್ಲದಿದ್ದರೆ ವಾಲ್ವು ಹೊರಡುವುದಿಲ್ಲ. ಈರಣ್ಣ ಸಾಹುಕಾರರು ಯೋಚಿಸಿದರು. ದೇವರ ಮಾಡದ ಕಡೆ ನೋಡಿದರು.

"ಗುರುಪಾದಪ್ಪ, ಇಬ್ಬರೂ ಒಂದ ದಿನ ಹುಟ್ಟಿದವ್ರಲ್ಲೇನು? ದುಡಿಯಾವ ದುಡೀಲಿ. ಇವ ಹೋಗಿ ಬರ್ಲಿ."

"ಹಂಗ ಮಾಡಿದ್ರ ನಡೀತದೇನ್ರಿ?"

"ಯಾಕ ನಡಿಯೂದಿಲ್ಲ? ಅಪ್ಪಾರು ತಂದದ್ದು."

ನನ್ನ ಕೊರಳಿಗೆ ಹದಿನಾಲ್ಕು ಎಂಬ ನಂಬರಿನ ಹಿತ್ತಾಳೆ ಬಿಲ್ಲೆ ಇತ್ತು. ಗುರುಪಾದಪ್ಪ ಅದನ್ನು ಬಿಚ್ಚಿ ನನ್ನ ಜೊತೆಯವನಿಗೆ ಕಟ್ಟಿದ. ಅಣ್ಣನ ಹಾಲ್ ಟಿಕೆಟ್ಟಿನಲ್ಲಿ ತಮ್ಮ ಪರೀಕ್ಷೆ ಬರೆದಂತೆ ಅವನು ಹೋಗಿ ಬಂದ. ಏಳು ವರ್ಷದಿಂದ ಊದುಬತ್ತಿಯ ಹೊಗೆ ಬಿಟ್ಟರೆ ಬೇರೇನೂ ತಾಗದ ಮೈ, ಅಪ್ಪಟ ಪಾಸಾದ. 'ಹದಿನಾಲ್ಕನೆಯ ಗೇಜು ನಿರ್ದೋಷಿ' ಎಂಬ ಪತ್ರ ಬಂತು. ಬಿಲ್ಲೆ ಮತ್ತೆ ನನ್ನ ಕೊರಳಿಗೆ ಬಂತು. ಪತ್ರಕ್ಕೆ ಗಾಜಿನ ಚೌಕಟ್ಟು ಹಾಕಿ ನನ್ನ ಮೇಜಿನ ಮೇಲಿನ ಗೋಡೆಗೇ ತೂಗುಹಾಕಿದರು. ದಿನಾ ಅದರ ಕೆಳಗೆ ಕೂತು ದುಡಿಯುವುದು. ಆ ಚೌಕಟ್ಟಿನ ಗಾಜಿನಲ್ಲಿ ನನ್ನ ನೆರಳು ಕಾಣುತ್ತಿತ್ತು. ಒಂದು ಕಡೆ ಕೊಂಚ ತೆಳ್ಳಗೆ.

ಆ ವರ್ಷವೇ ರೇಷ್ಮಾ ನದಾಫ್ ಎಂಬ ಇಂಜಿನಿಯರ್ ಗುಣಮಟ್ಟ ವಿಭಾಗಕ್ಕೆ ಬಂದಳು. ಗದಗಿನವಳು, ಕನ್ನಡಕ, ಕೈಯಲ್ಲಿ ಸದಾ ಒಂದು ಪುಸ್ತಕ. ಎರಡನೆಯ ವಾರವೇ ಆಕೆ ನನ್ನನ್ನು ಬೆಳಕಿಗೆ ಹಿಡಿದು ತಿರುಗಿಸಿದಳು.

"ಕಾಕಾ, ಇದರ ಹಸರ ತಲಿ ಹೊಳಪ ಹೋಗೇತೆಲ್ಲ. ಸವದೈತಿ ಅನಸ್ತದ."

"ಸರ್ಟಿಫಿಕೇಟ್ ನೋಡ್ರಿ ಮೇಡಂ, ಗ್ವಾಡಿ ಮ್ಯಾಲ ಐತಿ."

"ಗ್ವಾಡಿ ನೋಡಿದೆ. ನಿಮ್ಮ ಹೆಬ್ಬಟ್ಟ ಏನ ಹೇಳತೈತಿ?"

ಗುರುಪಾದಪ್ಪ ನನ್ನನ್ನು ಕಿಸೆಗೆ ಹಾಕಿಕೊಂಡ. ಹೆಬ್ಬೆರಳು ಎಂದೋ ಹೇಳಿತ್ತು ಎಂದು ನನಗೆ ಗೊತ್ತು. ಆ ಬೆರಳಿನ ಸಂಕೋಚ ನನ್ನ ಹಿಡಿಗೆ ತಾಗುತ್ತಿತ್ತು. ಆದರೆ ದೊಡ್ಡ ಸಾಹುಕಾರರು ಅವನನ್ನು ಮರಗೆಲಸದಿಂದ ಎಬ್ಬಿಸಿ ತಂದು ಈ ವಿದ್ಯೆ ಕಲಿಸಿದ್ದರು. ಅವರ ಎದುರಾಗಲಿ ಅವರ ಮಗನ ಎದುರಾಗಲಿ ಮೂವತ್ತೊಂದು ವರ್ಷದಲ್ಲಿ ಒಮ್ಮೆಯೂ ಅವನ ಬಾಯಿಂದ ಇಲ್ಲ ಎಂಬ ಮಾತು ಬಂದಿರಲಿಲ್ಲ. ನಮ್ಮಿಬ್ಬರ ಜಾತಕ ಒಂದೇ. ಅವನಿಗೂ ಒಂದು ಕೆಂಪು ತಲೆ ಇತ್ತು, ಬಳಸಿರಲಿಲ್ಲ.

ರೇಷ್ಮಾ ಸಾಹುಕಾರರ ಬಳಿಯೂ ಹೋದಳು. "ದಸರಾ ಮುಗೀಲಿ, ನೋಡೂಣು" ಎಂದರು.

ದಸರೆಯೆಂದರೆ ಆ ಕಾರ್ಖಾನೆಯಲ್ಲಿ ಒಂದು ಪದ್ಧತಿ. ಆಯುಧಪೂಜೆಯ ಮರುದಿನ ತಯಾರಾದ ಮೊದಲ ವಾಲ್ವನ್ನು ಮಾರುವುದಿಲ್ಲ. ಈರಣ್ಣ ಸಾಹುಕಾರರು ಹುಡುಗರಿದ್ದಾಗ ಉಂಡು ಓದಿದ ಉಚಿತ ಪ್ರಸಾದ ನಿಲಯವೊಂದಿದೆ. ಅಲ್ಲಿನ ಅಡುಗೆಮನೆಯ ಬಾಯ್ಲರಿಗೆ ಹಾರ ಹಾಕಿ ಒಯ್ದು ಕೊಡುವುದು. ಹಳೆಯದನ್ನು ಬಿಚ್ಚಿ ಹೊಸದನ್ನು ಕೂಡಿಸುವುದು. ಇನ್ನೂರು ಮಕ್ಕಳ ಅನ್ನ, ಸಾರು ಆ ಬಾಯ್ಲರಿನ ಉಗಿಯಲ್ಲೇ ಬೇಯುತ್ತಿತ್ತು. ಬೇಯಿಸುತ್ತಿದ್ದಾಕೆ ತಂಗೆವ್ವ, ಗುರುಪಾದಪ್ಪನ ಹೆಂಡತಿ.

ಆ ವರ್ಷದ ಮೊದಲ ವಾಲ್ವಿನ ತೂತಿಗೆ ಗುರುಪಾದಪ್ಪ ನನ್ನನ್ನು ಹಾಕಿದ. ಮೈಮೇಲೆ ನಿನ್ನೆಯ ವಿಭೂತಿ ಇತ್ತು. ನಾನು ಹೋದೆ. ಕೊಂಚ ಬಿಗಿ ಎನ್ನಿಸಿತು, ಆದರೂ ಹೋದೆ. ಅವನು ಒಂದು ಕ್ಷಣ ತಡೆದ, ಇನ್ನೊಮ್ಮೆ ಹಾಕಿದ. ಮತ್ತೆ ಹೋದೆ. ಸುತ್ತ ಎಲ್ಲರೂ ಚಪ್ಪಾಳೆಗೆ ಕೈ ಎತ್ತಿ ನಿಂತಿದ್ದರು. ಅವನು ತಲೆಯಾಡಿಸಿದ. ವಾಲ್ವಿಗೆ ಚೆಂಡುಹೂವಿನ ಹಾರ ಬಿತ್ತು.

ಮೂರು ವಾರವಾಗಿರಬೇಕು. ರವಿವಾರ ಮಧ್ಯಾಹ್ನ, ಅವನ ಮನೆ. ಅಂಗಿ ಗೂಟದ ಮೇಲೆ, ನಾನು ಕಿಸೆಯಲ್ಲಿ. ತಂಗೆವ್ವ ರೊಟ್ಟಿ ಬಡಿಯುತ್ತ ಮಾತಿಗೆ ಮಾತು ಎಂಬಂತೆ ಅಂದಳು, "ನಿಮ್ಮ ಹೊಸಾ ವಾಲ್ವು ಯಾಕೋ ಸರಿ ಇಲ್ರಿ."

"ಏನಾಗೇತಿ?"

"ವಾರಕ್ಕೊಮ್ಮೆ ಹಿಡಕಿ ಎತ್ತಿ ನೋಡಂತ ನೀವ ಹೇಳೀರಲ್ಲ, ಎತ್ತತೇನಿ. ಮುಂಜೇಲೆ ತಣ್ಣಗಿದ್ದಾಗ ಸುಮ್ಮನ ಏಳತೈತಿ. ಕಾದಮ್ಯಾಲ ಎತ್ತಾಕ ಹೋದ್ರ ಗಂಟಲ ಕಟ್ಟಿದವ್ರಂಗ ಮಾಡತೈತಿ."

ಬಡಿಯುವ ಸಪ್ಪಳ ನಿಂತಿತ್ತು. ಅವನು ಏನು ಹೇಳುತ್ತಾನೆಂದು ಆಕೆ ಕಾಯುತ್ತಿದ್ದಳು. ನಾನೂ ಕಾಯುತ್ತಿದ್ದೆ.

"ಹೊಸಾದಲ್ಲ," ಎಂದ. "ಬಳಕ್ಯಾಗ ಸರಿ ಹೋಗತೈತಿ."

"ಹೊಸಾ ಸೊಸಿ ಅಂದಂಗಾತು ನಿಮ್ಮ ಮಾತು," ಎಂದು ಆಕೆ ನಕ್ಕಳು. ರೊಟ್ಟಿಯ ಸಪ್ಪಳ ಮತ್ತೆ ಶುರುವಾಯಿತು. ಅವನು ಆ ದಿನ ಒಂದೇ ರೊಟ್ಟಿ ಉಂಡ. ಊಟವಾದ ಮೇಲೆ ಕಿಸೆಗೆ ಕೈಹಾಕಿ ತಂಬಾಕು ತೆಗೆಯುವ ನೆವದಲ್ಲಿ ನನ್ನ ಹಸಿರು ತಲೆಯ ಮೇಲೆ ಹೆಬ್ಬೆರಳಾಡಿಸಿದ. ಬಹಳ ಹೊತ್ತು ಆಡಿಸಿದ. ಸೋಮವಾರ ಸಾಹುಕಾರರಿಗೆ ಹೇಳುತ್ತಾನೆಂದುಕೊಂಡೆ. ಸೋಮವಾರ ಎಪ್ಪತ್ತು ವಾಲ್ವು ಹೊರಡುವುದಿತ್ತು.

ಗುರುವಾರ ಬೆಳಗ್ಗೆ ಹತ್ತಕ್ಕೆ ನಿಲಯದಿಂದ ಫೋನು ಬಂತು. ಗುರುಪಾದಪ್ಪ ಓಡಿದ, ನಾನು ಕಿಸೆಯಲ್ಲಿ ಸುಣ್ಣದ ಡಬ್ಬಿಗೆ ಬಡಿದುಕೊಳ್ಳುತ್ತ ಜೊತೆಗೆ ಓಡಿದೆ.

ಅಡುಗೆಮನೆಯ ಅಂಗಳದಲ್ಲಿ ಉರಿಯುವ ಕೊಳ್ಳಿಗಳು ಚೆಲ್ಲಾಪಿಲ್ಲಿ ಬಿದ್ದಿದ್ದವು. ಮಕ್ಕಳು ದೂರದ ಗೋಡೆಗೆ ಸಾಲಾಗಿ ನಿಂತಿದ್ದರು. ತಂಗೆವ್ವ ಕಟ್ಟೆಯ ಮೇಲೆ ಕೂತಿದ್ದಳು. ಬಲಗೈ ನೀರಿನ ಬಕೀಟಿನಲ್ಲಿತ್ತು.

ಉಗಿಯ ಒತ್ತಡ ತೋರಿಸುವ ಮುಳ್ಳು ಕೆಂಪು ಗೆರೆ ದಾಟಿದ್ದನ್ನು ನೋಡಿದವಳು ಆಕೆಯೇ. ವಾಲ್ವು ಎದ್ದಿರಲಿಲ್ಲ. ಹಿಡಿಕೆ ಎಳೆದರೂ ಏಳಲಿಲ್ಲ. ಮಕ್ಕಳನ್ನು ಬೈದು ಹೊರಗೋಡಿಸಿ, ಒಲೆಯ ಕೊಳ್ಳಿಗಳನ್ನು ಹೊರಗೆಳೆದು, ಕೊನೆಗೆ ಬಾಯ್ಲರಿನ ಕೆಳಗಿನ ನಲ್ಲಿಯನ್ನು ಕೈಯಿಂದಲೇ ತಿರುಗಿಸಿ ತೆರೆದಿದ್ದಳು. ಉಗಿ ಆ ಕೈಯ ಮೇಲೆಯೇ ಹೊರಬಂದಿತ್ತು. ಬಾಯ್ಲರು ಉಳಿಯಿತು. ಮಕ್ಕಳು ಉಳಿದರು.

ಗುರುಪಾದಪ್ಪ ಎದುರು ಕುಕ್ಕರಗಾಲಿನಲ್ಲಿ ಕೂತ. ಆಕೆ ಅವನ ಮುಖ ನೋಡಿದಳು.

"ಎಳದೆ, ಎಳದೆ. ಏಳಲಿಲ್ರಿ," ಎಂದಳು. ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಆಕೆಯನ್ನು ಆಸ್ಪತ್ರೆಗೆ ಸೇರಿಸಿ, ಸಂಜೆ ಅವನು ಆ ವಾಲ್ವನ್ನು ಬಿಚ್ಚಿ ಕಾರ್ಖಾನೆಗೆ ತಂದ. ಅಷ್ಟು ಹೊತ್ತಿಗೆ ಅದು ತಣ್ಣಗಾಗಿತ್ತು. ಕಡ್ಡಿ ಸಲೀಸಾಗಿ ಮೇಲೆ ಕೆಳಗೆ ಆಡುತ್ತಿತ್ತು, ಏನೂ ಆಗಿಲ್ಲದವರಂತೆ. ಮೇಜಿನ ಸುತ್ತ ಮೂವರು: ಸಾಹುಕಾರರು, ರೇಷ್ಮಾ, ಗುರುಪಾದಪ್ಪ. ಅವನು ಕಡ್ಡಿಯನ್ನು ಹೊರಗೆ ತೆಗೆದು, ಕಿಸೆಯಿಂದ ನನ್ನನ್ನು ಎಳೆದು, ಆ ತೂತಿಗೆ ಹಾಕಿದ. ಹೋದೆ. ಎಂದಿನಂತೆ, ಬೆಣ್ಣೆಯಲ್ಲಿ ಚೂರಿಯಂತೆ.

ಆಮೇಲೆ ಅವನು ಎದ್ದು, ಯಾರನ್ನೂ ಕೇಳದೆ, ಎಣ್ಣೆಗೈಯಲ್ಲೇ ದೇವರ ಮಾಡದಿಂದ ಪೆಟ್ಟಿಗೆ ಇಳಿಸಿದ. ನನ್ನ ಜೊತೆಯವನ ಕುಂಕುಮ ಒರೆಸಿದ. ಎಷ್ಟು ವರ್ಷದ ಮೇಲೆ ನಾವು ಪಕ್ಕಪಕ್ಕದಲ್ಲಿ ಮಲಗಿದ್ದು! ಅವನ ಹಸಿರು ತಲೆಯನ್ನು ಅದೇ ತೂತಿಗೆ ಹಚ್ಚಿದ. ಹೋಗಲಿಲ್ಲ. ಬಾಯಲ್ಲೇ ನಿಂತ. ಗುರುಪಾದಪ್ಪ ಕೈ ಬಿಟ್ಟರೂ ಅಲ್ಲಾಡದೆ ನಿಂತ. ಸಾಕ್ಷಿ ಕೊನೆಗೂ ಬಾಯಿ ಬಿಟ್ಟಿತ್ತು.

"ಸರ್ಟಿಫಿಕೇಟ್ ಐತೆಲ್ಲ..." ಎಂದರು ಸಾಹುಕಾರರು, ಗೋಡೆ ನೋಡುತ್ತ.

"ಸರ್ಟಿಫಿಕೇಟ್ ಕೊಟ್ಟಿದ್ದು ಮಾಡದಾಗಿದ್ದವಗ ರೀ ಸರ್," ಎಂದಳು ರೇಷ್ಮಾ. "ದುಡದಾವ ಇವ." ಬಿಲ್ಲೆಯ ಕತೆಯನ್ನು ಗುರುಪಾದಪ್ಪ ಅಂದು ಸಂಜೆಯಷ್ಟೇ ಆಕೆಗೆ ಹೇಳಿದ್ದ. ದನಿ ಏರಿಸಲಿಲ್ಲ. ಪುಸ್ತಕ ತೆಗೆದು ಕೇಳಿದಳು, "ಇಬ್ಬರನ್ನೂ ಕೂಡಿಸಿ ಕಡೀಕ ನೋಡಿದ್ದು ಯಾವಾಗ ಕಾಕಾ? ಅವತ್ತಿನ ತನಕದ ಮಾಲು ಸರಿ ಅಂತ ತಿಳೀಬಹುದು. ಅಲ್ಲಿಂದ ಈಚೀಗಿನದು ನೋಡಬೇಕು."

"ದೊಡ್ಡ ಸಾಹುಕಾರ್ರು ಇದ್ದಾಗ್ರಿ."

ಆಕೆ ಬರೆಯಲು ಹೊರಟವಳು ತಲೆ ಎತ್ತಿದಳು. ಎಂಟು ವರ್ಷ. ಒಂಬತ್ತು ಸಾವಿರ ವಾಲ್ವು. ಅದರಲ್ಲಿ ಯಾವುದು ಒಳ್ಳೆಯದು, ಯಾವುದು ಕೆಟ್ಟದ್ದು ಹೇಳುವವರಿಲ್ಲ. ಮುರಿದರೆ ಅದಕ್ಕೊಂದು ದಿನ, ತಾರೀಖು ಇರುತ್ತದೆ, ಸವೆತಕ್ಕೆ ಇರುವುದಿಲ್ಲ. ಒಂದನೆಯ ತಾರೀಖಿನ ಎರಡು ನಿಮಿಷದ ಕೆಲಸವನ್ನು ಯಾಕೆ ಮಾಡುತ್ತಿದ್ದರು ಎಂದು ಆ ಕ್ಷಣ ಎಲ್ಲರಿಗೂ ಅರ್ಥವಾಯಿತು. ಅರ್ಥವನ್ನು ಸಾಹುಕಾರರು ಹೇಳಬೇಕಾಗಲಿಲ್ಲ.

ಸಾಹುಕಾರರು ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಆಮೇಲೆ ಮೆಲ್ಲಗೆ ಶುರು ಮಾಡಿದರು. "ಗುರುಪಾದಪ್ಪ, ತಂಗೆವ್ವಂದು ಎಲ್ಲಾ ನಾ ನೋಡ್ಕೊಂತೇನಿ. ಅದರಾಗ ಮಾತ ಬ್ಯಾಡ. ನಿಲಯಕ್ಕ ನಾಳೆ ಬ್ಯಾರೆ ವಾಲ್ವು ಕೂಡಸೂಣು. ಇನ್ನ ಮುಂದಿನ ಮಾಲು ಛಲೋ ಗೇಜಿನ್ಯಾಗ ನೋಡೂಣು. ಹಿಂದಿಂದು... ಇಷ್ಟ ದಿನಾ ಯಾರದೂ ತಕರಾರ ಬಂದಿಲ್ಲಲ್ಲ. ನಾವಾಗೇ ಡಂಗುರ ಹೊಡೀಬೇಕೇನು? ಅಪ್ಪಾರ ಹೆಸರ ಐತಿ ಇದರ ಮ್ಯಾಲ."

ನಾನು ಗುರುಪಾದಪ್ಪನ ಕೈಯಲ್ಲಿದ್ದೆ. ಹೆಬ್ಬೆರಳು ನನ್ನ ಹಸಿರು ತಲೆ ಬಿಟ್ಟು ಕೆಂಪು ಪಟ್ಟಿಯ ಕಡೆ ಸರಿಯಿತು. ಅದು ಅವನಿಗೆ ತಿಳಿದಿತ್ತೋ ಇಲ್ಲವೋ.

"ಆಗೂದಿಲ್ರಿ, ಸಾಹುಕಾರ್ರ," ಎಂದ.

ಮೂವತ್ತೊಂದು ವರ್ಷದಲ್ಲಿ ಮೊದಲ ಸಲ. ಸಾಹುಕಾರರು ಕೇಳಿಸಲಿಲ್ಲ ಎಂಬಂತೆ ಅವನ ಮುಖ ನೋಡಿದರು.

"ಆಕಿ ಹೇಳಿದ್ಲು ನನಗ. ಹೋದ ರವಿವಾರ ಹೇಳಿದ್ಲು. ಬಳಕ್ಯಾಗ ಸರಿ ಹೋಗತೈತಿ ಅಂದೆ ನಾನು. ಒಂಬತ್ತ ಸಾವಿರ ಹೋಗ್ಯಾವ್ರಿ. ಒಂದೊಂದರ ಮುಂದ ಯಾರರ ಒಬ್ಬರು ನಿಂತಿರ್ತಾರ. ಹಿಡಕಿ ಎತ್ತಿ ನೋಡಂತ ಹೇಳಾಕ ಅವರಿಗೆ ಗಂಡ ಬಡಿಗೇರ ಇರೂದಿಲ್ಲ. ಯಾರ ಹೇಳಬೇಕ್ರಿ ಅವರಿಗೆ?"

ಸಾಹುಕಾರರು ಎದ್ದು ಮಾಡದ ಎದುರು ಹೋಗಿ ಅಪ್ಪನ ಫೋಟೋದ ಮುಂದೆ ನಿಂತರು. ಪೆಟ್ಟಿಗೆ ಇದ್ದ ಜಾಗದಲ್ಲಿ ಧೂಳಿಲ್ಲದ ಒಂದು ಚೌಕ ಉಳಿದಿತ್ತು. ತಿರುಗಿ ಬಂದಾಗ ದನಿ ಕುಗ್ಗಿತ್ತು. "ಪತ್ರ ಬರೀರಿ ರೇಷ್ಮಾ. ಎಲ್ಲಾರಿಗೂ. ನನ್ನ ಸಹಿ ಹಾಕತೇನಿ."

ಐದು ತಿಂಗಳು ವಾಲ್ವುಗಳು ತಿರುಗಿ ಬಂದವು. ಲಾರಿಯಲ್ಲಿ, ಬಸ್ಸಿನ ಮೇಲೆ, ಗೋಣಿಚೀಲದಲ್ಲಿ. ಜೊತೆಗೆ ಬೈಗುಳಗಳೂ ಬಂದವು; ಇಬ್ಬರು ದೊಡ್ಡ ಗಿರಾಕಿಗಳು ಬಿಟ್ಟೇ ಹೋದರು. ತಪಾಸಣೆಯ ಮೇಜು ಬಿಟ್ಟು ಗುರುಪಾದಪ್ಪ ತಾನಾಗಿ ಸ್ಟೋರಿನಲ್ಲಿ ಕೂತ. ಬಂದ ಪ್ರತಿ ವಾಲ್ವಿನ ಹೆಸರು ಬರೆದು, ನನ್ನ ಜೊತೆಯವನ ಮುಂದೆ ಇಡುವುದೇ ಅವನ ಕೆಲಸ. ಬಂದದ್ದು ಆರು ಸಾವಿರದ ಚಿಲ್ಲರೆ. ಅದರಲ್ಲಿ ನಾನೂರ ಹನ್ನೊಂದಕ್ಕೆ ಜೊತೆಯವನು ಹೋಗಲೊಲ್ಲೆ ಎಂದ. ನಾನೂರ ಹನ್ನೊಂದಕ್ಕೂ ನಾನು ಹೌದೆಂದಿದ್ದೆ.

ಬಾರದೆ ಉಳಿದವು ಮೂರು ಸಾವಿರದಷ್ಟು. ಅವುಗಳಲ್ಲಿ ಎಷ್ಟು ಕೆಟ್ಟವೋ, ಯಾವ ಹೋಟೆಲಿನ ಹಿತ್ತಿಲಲ್ಲಿವೆಯೋ, ಯಾವ ಬಣ್ಣದ ಭಟ್ಟಿಯ ಮೇಲೆ ಕೂತಿವೆಯೋ, ಯಾರು ಹಿಡಿಕೆ ಎತ್ತಿ ನೋಡುತ್ತಾರೋ. ನನಗೆ ನಿದ್ರೆ ಎಂಬುದು ಇಲ್ಲ, ಉಕ್ಕಿಗೆ ಅದನ್ನು ಕೊಟ್ಟಿಲ್ಲ. ಹಾಗಾಗಿ ಎಣಿಸುತ್ತ ಇರುತ್ತೇನೆ.

ನನ್ನ ಎರಡೂ ತಲೆಗೆ ಕೆಂಪು ಬಣ್ಣ ಬಳಿದು ಗಾಜಿನ ಮುಚ್ಚಳದ ಪೆಟ್ಟಿಗೆಯಲ್ಲಿ ತಪಾಸಣೆಯ ಮೇಜಿನ ಮೂಲೆಗೆ ಇಟ್ಟರು. ಕೆಟ್ಟ ಗೇಜು ಮತ್ತೆ ತಪ್ಪಿ ಯಾರ ಕೈಗೂ ಹೋಗಬಾರದೆಂದು ಹಾಗೆ ಮಾಡುವುದು ಪದ್ಧತಿ. ಕೊರಳಿನ ಬಿಲ್ಲೆ ತೆಗೆದರು. ಹೊಸ ಗೇಜು ಬಂತು, ಹಟಮಾರಿ. ಹತ್ತರಲ್ಲಿ ಒಂದಕ್ಕೆ ಅಡ್ಡ ನಿಲ್ಲುತ್ತದೆ, ತಿರುಗಣಿಯವರು ಬೈಯುತ್ತಾರೆ, ಕೇಳಿ ನನಗೆ ಹೊಟ್ಟೆಕಿಚ್ಚು. ಒಂದನೆಯ ತಾರೀಖು ಮತ್ತೆ ಶುರುವಾಗಿದೆ. ವಾಲ್ವನ್ನು ಈಗ ಬಿಸಿ ಉಗಿಯಲ್ಲೇ ಪರೀಕ್ಷಿಸುತ್ತಾರೆ. ಗುಣಮಟ್ಟ ನೀತಿಯ ಫಲಕ ಗಾಳಿಗೆ ಬಿದ್ದದ್ದು ಹಾಗೆಯೇ ಬಿದ್ದಿದೆ. ಅದರಿಂದ ತೊಂದರೆಯೇನೂ ಆದಂತೆ ಕಾಣೆ.

ಈ ಸಲದ ಆಯುಧಪೂಜೆಗೆ ರೇಷ್ಮಾ ಮೊದಲೇ ಹೇಳಿಬಿಟ್ಟಳು, "ಮಶೀನಿಗೆ ಏನರ ಹಚ್ಚಿಕೊಳ್ರಿ. ಗೇಜಿಗೆ ದೂರಿಂದ ನಮಸ್ಕಾರ ಸಾಕು." ಸಂಗಪ್ಪ, "ನಮಸ್ಕಾರಕ್ಕ ಸವಿಯೂದಿಲ್ಲೇನ್ರಿ ಮೇಡಂ?" ಎಂದ. ಎಲ್ಲರೂ ನಕ್ಕರು. ಮರುದಿನ ತಂಗೆವ್ವ ಬಂದಳು. ಸಾಹುಕಾರರೇ ಕಾರು ಕಳಿಸಿ ಕರೆಸಿದ್ದರು, ಮೊದಲ ವಾಲ್ವಿಗೆ ಆಕೆಯೇ ಹಾರ ಹಾಕಬೇಕೆಂದು. ಆಕೆ ಎಡಗೈಯಲ್ಲಿ ಹಾರ ಹಾಕಿದಳು. ಬಲಗೈ ಸೆರಗಿನೊಳಗಿತ್ತು.

ಪ್ರಸಾದ ಹಂಚುವಾಗ ಆಕೆ ಮೆಲ್ಲಗೆ ನನ್ನ ಮೂಲೆಗೆ ಬಂದಳು. ಹಿಂದೆಯೇ ಗುರುಪಾದಪ್ಪ.

"ಇದನ?"

"ಹೂಂ."

ಆಕೆ ಗಾಜಿನ ಮುಚ್ಚಳ ಎತ್ತಿದಳು. ಸೆರಗಿನಿಂದ ಬಲಗೈ ತೆಗೆದು ನನ್ನನ್ನು ಅಂಗೈ ಮೇಲೆ ಇಟ್ಟುಕೊಂಡಳು. ಚರ್ಮ ನುಣ್ಣಗೆ, ಬಿಗಿಯಾಗಿ ಹೊಳೆಯುತ್ತಿತ್ತು, ಸಾಣೆ ಹಿಡಿದದ್ದರಂತೆ.

"ಇಷ್ಟ ಸಣ್ಣದು," ಎಂದಳು. ಆಮೇಲೆ, "ಇದಕ್ಕೇನ ತಿಳೀತೈತಿ, ಪಾಪ. ಕಿಸೆದಾಗ ಇಟಗೊಂಡು ತಿರಗಿದವ್ರಿಗೆ ತಿಳದಿತ್ತು."

ಗುರುಪಾದಪ್ಪ ನೆಲ ನೋಡುತ್ತ ನಿಂತ. ಆಕೆಗೆ ಸಿಟ್ಟಿರಲಿಲ್ಲ, ತೂತು ಸಣ್ಣದು ಎಂದು ಹೇಳಿದ ಹಾಗೆ ಹೇಳಿದ್ದಳು. ಪಾಪ ಎಂದಳಲ್ಲ, ಆ ರಿಯಾಯಿತಿ ನನಗೆ ಸಲ್ಲದು ಎಂದು ಹೇಳಬೇಕೆನ್ನಿಸಿತು. ನನಗೂ ತಿಳಿದಿತ್ತು, ತಾಯಿ. ತೂತು ಬಿಗಿಯಾಗಿತ್ತು. ಆದರೂ ಹೋದೆ.

ಆಕೆ ನನ್ನ ಮೇಲೆ ಬೆರಳು ಮಡಚಲು ನೋಡಿದಳು. ಬೆರಳುಗಳು ಅರ್ಧಕ್ಕೆ ಬಂದು ನಿಂತವು. ಇನ್ನೊಮ್ಮೆ ಪ್ರಯತ್ನಿಸಿದಳು, ಅಲ್ಲಿಗೇ ನಿಂತವು. ಅಂಗೈಯಲ್ಲಿ ನಾನು ಬಿದ್ದುಕೊಂಡಿದ್ದೆ, ಸುತ್ತ ಮುಚ್ಚದ ಜಾಗ. ಲಕ್ಷಾಂತರ ಸಲ ತೂತಿನ ಅಳತೆ ಹೇಳಿದವನು ನಾನು, ಅದರಲ್ಲಿ ಎಷ್ಟೋ ಸುಳ್ಳು. ಆ ಬೆರಳಿಗೂ ಅಂಗೈಗೂ ನಡುವೆ ಉಳಿದ ಜಾಗವೊಂದನ್ನು ಮಾತ್ರ ನಾನು ಸರಿಯಾಗಿ ಅಳೆದಿದ್ದೇನೆ.

ಆಕೆ ಎಡಗೈಯಿಂದ ನನ್ನನ್ನು ಎತ್ತಿ ಪೆಟ್ಟಿಗೆಗೆ ಹಾಕಿದಳು. ಗುರುಪಾದಪ್ಪ ಮುಚ್ಚಳ ಮುಚ್ಚಿದ.